ಒಂಬತ್ತು ಜನ ಬಂದರು, ಮೂರು ಪುಸ್ತಕ ಹೋಯಿತು: ಅಂಗಡಿಯಲ್ಲಿ ಲೇಖಕರ ಕಾರ್ಯಕ್ರಮ ನಿಲ್ಲಿಸಬೇಕಾ?

ಪ್ರಶ್ನೆ: ಶಿವಮೊಗ್ಗದಲ್ಲಿ ದುರ್ಗಿಗುಡಿ ಹತ್ತಿರ ನಮ್ಮದೊಂದು ಸಣ್ಣ ಪುಸ್ತಕದಂಗಡಿ ಇದೆ. ಗೈಡು, ಪಠ್ಯಪುಸ್ತಕ ಇಡುವುದಿಲ್ಲ. ಕಥೆ, ಕಾದಂಬರಿ, ಮಕ್ಕಳ ಪುಸ್ತಕ ಇಷ್ಟೇ. ಮೂರು ವರ್ಷದಿಂದ ಹೇಗೋ ನಡೆದಿದೆ. ಮಹಡಿ ಮೇಲೆ ಶೀಟ್ ಹೊದಿಸಿದ ಒಂದು ಹಾಲ್ ಇದೆ, ನಲವತ್ತು ಕುರ್ಚಿ ಹಿಡಿಯುತ್ತದೆ. ಹೋದ ವರ್ಷದಿಂದ ಅಲ್ಲಿ ಲೇಖಕರನ್ನು ಕರೆಸಿ ಓದು, ಮಾತು ಅಂತ ಕಾರ್ಯಕ್ರಮ ಮಾಡುತ್ತಿದ್ದೇನೆ. ಮೊದಲನೆಯದಕ್ಕೆ ಅರವತ್ತು ಜನ, ನಿಲ್ಲಲೂ ಜಾಗ ಇರಲಿಲ್ಲ. ಮೊನ್ನೆ ನಾಲ್ಕನೆಯದಕ್ಕೆ ಬಂದವರು ಒಂಬತ್ತೇ ಜನ, ಅದರಲ್ಲಿ ಇಬ್ಬರು ನಮ್ಮ ಮನೆಯವರು. ಬೆಂಗಳೂರಿನಿಂದ ಬಂದಿದ್ದ ಲೇಖಕರ ಮುಖ ನೋಡಲು ನಾಚಿಕೆಯಾಯಿತು. ಮೂರು ಪುಸ್ತಕ ಹೋಯಿತು. ಪ್ರಯಾಣ, ಲಾಡ್ಜು, ಶಾಲು, ಹಾರ, ಬ್ಯಾನರ್, ಕಾಫಿ ಎಲ್ಲ ಸೇರಿ ₹6,000 ಖರ್ಚು. ಸಾಲದ್ದಕ್ಕೆ ಕೊನೆಯಲ್ಲಿ ಯಾರೋ ರಾಜಕೀಯ ಎತ್ತಿ ಜಗಳವಾಯಿತು. ನಮ್ಮ ಯಜಮಾನರು ‘ನೀನು ಅಂಗಡಿ ನಡೆಸ್ತೀಯೋ, ಸಾಹಿತ್ಯ ಸಮ್ಮೇಳನ ಮಾಡ್ತೀಯೋ’ ಅನ್ನುತ್ತಾರೆ. ಟಿಕೆಟ್ ಇಡು ಅಂತ ಒಬ್ಬರು, ತಿಂಡಿ ಕೊಡು ಅಂತ ಇನ್ನೊಬ್ಬರು, ಲೈವ್ ಮಾಡು ಅಂತ ಮತ್ತೊಬ್ಬರು. ಇದರ ಮಧ್ಯೆ ನಮ್ಮ ಬಡಾವಣೆಯ ಹಿರಿಯರೊಬ್ಬರು ತಮ್ಮ ಕವನ ಸಂಕಲನ ನಮ್ಮಲ್ಲೇ ಬಿಡುಗಡೆ ಆಗಬೇಕು, 50 ಪ್ರತಿ ನಾನೇ ಕೊಳ್ಳಬೇಕು ಅಂತ ಹಿಡಿದಿದ್ದಾರೆ. ಮೊನ್ನೆಯ ಆಹ್ವಾನ ಪತ್ರಿಕೆಯನ್ನೂ ಇದರ ಜೊತೆ ಕಳಿಸಿದ್ದೇನೆ. ನಿಲ್ಲಿಸಿಬಿಡಲಾ? (ಹೆಸರು ಬೇಡ, ಶಿವಮೊಗ್ಗ)

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಒಂದಕ್ಕೊಂದು ಅಂಟಿಕೊಂಡಿವೆ. ದುಡ್ಡು ಹೋಗುತ್ತಿದೆ ಅನ್ನುವುದು ಒಂದು. ಮರ್ಯಾದೆ ಹೋಗುತ್ತಿದೆ ಅನ್ನುವುದು ಇನ್ನೊಂದು. ಖಾಲಿ ಕುರ್ಚಿ ಕಂಡಾಗ ಎರಡನೆಯದೇ ಜಾಸ್ತಿ ಚುಚ್ಚುತ್ತದೆ. ಅದನ್ನು ಮುಚ್ಚಲು ಬ್ಯಾನರ್ ದೊಡ್ಡದಾಗುತ್ತದೆ, ಹಾರ ದಪ್ಪವಾಗುತ್ತದೆ, ದುಡ್ಡು ಇನ್ನಷ್ಟು ಹೋಗುತ್ತದೆ. ನಾನು ಪುಸ್ತಕ ಮಾರುತ್ತಾ, ಇಂಥ ಕಾರ್ಯಕ್ರಮ ಮಾಡಿಸುತ್ತಾ ತಲೆ ಹಣ್ಣು ಮಾಡಿಕೊಂಡವನು. ಈ ಸುಳಿಗೆ ಸಿಕ್ಕ ಅಂಗಡಿಗಳನ್ನು ಸುಮಾರು ನೋಡಿದ್ದೇನೆ.

ಮೊದಲು ಆ ಅರವತ್ತರ ಲೆಕ್ಕ ತೆಗೆದುಬಿಡೋಣ. ಅವರು ಯಾರ್ಯಾರು ಅಂತ ನೆನಪು ಮಾಡಿಕೊಳ್ಳಿ. ಉದ್ಘಾಟಕರ ಕಡೆಯವರು, ಅಧ್ಯಕ್ಷರ ಶಿಷ್ಯರು, ನಿಮ್ಮ ನೆಂಟರು, ಹೊಸ ಜಾಗ ಹೇಗಿದೆ ನೋಡೋಣ ಅಂತ ಬಂದ ಬೀದಿಯವರು. ಅವರೆಲ್ಲ ಬಂದದ್ದು ನಿಮ್ಮ ಮೇಲಿನ ವಿಶ್ವಾಸಕ್ಕೆ. ತಪ್ಪೇನಿಲ್ಲ, ಆದರೆ ಅವರನ್ನು ಓದುಗರ ಲೆಕ್ಕಕ್ಕೆ ಹಾಕಬೇಡಿ. ಮೊನ್ನೆಯ ಒಂಬತ್ತರಲ್ಲಿ ಮನೆಯವರನ್ನು ಬಿಟ್ಟರೆ ಏಳು. ಆ ಏಳು ಜನ ಯಾರೂ ಬಲವಂತ ಮಾಡದೆ ಬಂದವರು. ನಿಮ್ಮ ನಿಜವಾದ ಮೊದಲ ಸಭೆ ಅದೇ. ಏಳು ಜನಕ್ಕೆ ಮೂರು ಪುಸ್ತಕ ಹೋಗಿದೆ ಅಂದರೆ ಕೆಟ್ಟ ವ್ಯಾಪಾರವೇನಲ್ಲ. ನನ್ನ ಅನುಭವದಲ್ಲಿ ಮೂರು–ನಾಲ್ಕು ಜನಕ್ಕೆ ಒಂದು ಪುಸ್ತಕ ಹೋದರೆ ಆ ಸಂಜೆ ಚೆನ್ನಾಗಿ ಆಯಿತು ಅಂತಲೇ.

‘ಈಗ ಯಾರ್ರೀ ಓದ್ತಾರೆ’ ಅನ್ನುವ ಮಾತು ನಿಮಗೆ ಈಗಾಗಲೇ ಹತ್ತು ಜನ ಹೇಳಿರುತ್ತಾರೆ. ನಂಬಬೇಡಿ. ಗೈಡು ಇಡದೆ, ಬರೀ ಕಥೆ ಕಾದಂಬರಿ ಮಾರಿ ಮೂರು ವರ್ಷ ಅಂಗಡಿ ಬಾಗಿಲು ತೆಗೆದಿದ್ದೀರಿ. ಕೊಳ್ಳುವವರು ಇಲ್ಲದೆ ಅದು ಆಗುತ್ತಿತ್ತಾ? ಓದುವವರಿದ್ದಾರೆ, ನಿಮ್ಮ ಕಾರ್ಯಕ್ರಮಕ್ಕೆ ಬರುತ್ತಿಲ್ಲ, ಅಷ್ಟೆ. ಅದಕ್ಕೆ ಕಾರಣ ನೀವು ಕಳಿಸಿದ ಆಹ್ವಾನ ಪತ್ರಿಕೆಯಲ್ಲೇ ಇದೆ.

ಪ್ರಾರ್ಥನೆ. ಸ್ವಾಗತ. ಪ್ರಾಸ್ತಾವಿಕ ನುಡಿ. ದೀಪ ಬೆಳಗುವುದು. ಇಬ್ಬರು ಮುಖ್ಯ ಅತಿಥಿಗಳು. ಲೇಖಕರ ಪರಿಚಯ. ಸನ್ಮಾನ. ಅಧ್ಯಕ್ಷರ ಮಾತು. ವಂದನಾರ್ಪಣೆ. ಲೇಖಕರ ಓದು ಇದರ ಮಧ್ಯೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ. ವೇದಿಕೆ ಮೇಲೆ ಆರು ಜನ, ಎದುರಿಗೆ ಒಂಬತ್ತು. ಒಳ್ಳೆಯ ಓದುಗರು ಈ ಪಟ್ಟಿ ನೋಡಿದ ಕೂಡಲೇ ಲೆಕ್ಕ ಹಾಕುತ್ತಾರೆ: ಎರಡು ಗಂಟೆ ಕೂತರೆ ಲೇಖಕರ ಮಾತು ಇಪ್ಪತ್ತು ನಿಮಿಷ ಸಿಗಬಹುದು. ಅದರ ಬದಲು ಮನೆಯಲ್ಲಿ ಕೂತು ಅವರ ಪುಸ್ತಕದ ನಲವತ್ತು ಪುಟ ಓದಬಹುದು. ಅವರ ಲೆಕ್ಕ ಸರಿಯಾಗೇ ಇದೆ ಅಲ್ವಾ?

ಸಮಾರಂಭ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಬೇರೆ ಜಾಗ ಇದೆ. ಶಿವಮೊಗ್ಗದಲ್ಲಿ ಕರ್ನಾಟಕ ಸಂಘ 1930ರಿಂದ ಇದೆ. ಸಾಹಿತ್ಯ ಪರಿಷತ್ತು ಇದೆ, ಕಾಲೇಜುಗಳ ಕನ್ನಡ ಸಂಘಗಳಿವೆ, ದೊಡ್ಡ ಸಭೆಗೆ ಕುವೆಂಪು ರಂಗಮಂದಿರ ಇದೆ. ಅವರ ಹತ್ತಿರ ಹಾಲ್ ಇದೆ, ಹೆಸರಿದೆ, ಪರಂಪರೆ ಇದೆ. ಅವರು ಮಾಡುವುದನ್ನೇ ಮಹಡಿ ಮೇಲೆ ಸಣ್ಣದಾಗಿ ಮಾಡಿದರೆ ಯಾರು ಬರುತ್ತಾರೆ? ದೊಡ್ಡ ಹಾಲ್‌ನಲ್ಲಿ ಸಿಗದ ಒಂದೇ ಒಂದು ಸಂಗತಿ ನಿಮ್ಮ ಹತ್ತಿರ ಇದೆ. ಲೇಖಕರ ಎದುರು ಮೂರಡಿ ದೂರದಲ್ಲಿ ಕೂತು, ‘ಆ ಪಾತ್ರ ಯಾಕೆ ಹಾಗೆ ಮಾಡಿತು’ ಅಂತ ಕೇಳಬಹುದು. ನೀವು ಮಾರಬೇಕಾದದ್ದು ಅದನ್ನ.

ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಿಮ್ಮ ಅಂಗಡಿಯಿಂದ ಸ್ವಲ್ಪ ದೂರದಲ್ಲೇ, ತುಂಗೆಯ ದಡದಲ್ಲಿ ಮತ್ತೂರು, ಹೊಸಹಳ್ಳಿ ಇವೆ. ಹೊಸಹಳ್ಳಿ ಗಮಕಕ್ಕೆ ಹೆಸರಾದ ಊರು. ಅಲ್ಲಿನ ಗಮಕಿ ಎಚ್.ಆರ್. ಕೇಶವಮೂರ್ತಿ ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಗಮಕ ನಡೆಯುವ ರೀತಿ ಗಮನಿಸಿ. ಒಬ್ಬರು ಕಾವ್ಯ ವಾಚನ ಮಾಡುತ್ತಾರೆ. ಪಕ್ಕದಲ್ಲಿ ಕೂತ ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ನಾಲ್ಕು ಪದ್ಯ, ಮಾತು, ಮತ್ತೆ ನಾಲ್ಕು ಪದ್ಯ. ಓದಿದ್ದು ಕೇಳುವವರ ಮನಸ್ಸಿಗೆ ಇಳಿಯಲು ಸಮಯ ಸಿಗುತ್ತದೆ, ಮಾತು ಎಲ್ಲೋ ಹಾರಿಹೋಗದಂತೆ ಪದ್ಯ ಹಿಡಿದು ನಿಲ್ಲಿಸುತ್ತದೆ. ಕುಮಾರವ್ಯಾಸನನ್ನು ಓದು ಬರದವರೂ ತಲೆಮಾರುಗಳಿಂದ ಕೇಳಿ ಸವಿದದ್ದು ಹೀಗೆ. ನಿಮ್ಮ ಹಾಲ್‌ಗೂ ಇದೇ ಸಾಕು. ಇಬ್ಬರೇ ಜನ: ಓದುವ ಲೇಖಕರು, ಕೇಳಿ ಬಿಡಿಸುವ ಇನ್ನೊಬ್ಬರು. ವೇದಿಕೆ ಬೇಡ, ಎರಡು ಕುರ್ಚಿ ಸಾಕು.

ಒಟ್ಟು ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಮೊದಲ ಎರಡು ನಿಮಿಷ ನೀವು. ‘ಇವರು ಇಂಥವರು, ಈ ಪುಸ್ತಕ ನನಗೆ ಇಷ್ಟವಾದದ್ದು ಇದಕ್ಕೆ’ ಅಂತ ಹೇಳಿ ಕೂತುಬಿಡಿ. ನಂತರ ಲೇಖಕರು ಹತ್ತು ನಿಮಿಷ ಓದಲಿ. ಇಪ್ಪತ್ತು ನಿಮಿಷ ಇಬ್ಬರ ಮಾತು. ಮತ್ತೆ ಸ್ವಲ್ಪ ಓದು. ಉಳಿದದ್ದು ಕೇಳುವವರಿಗೆ. ಇಲ್ಲಿ ಸುಮಾರು ಜನ ಎಡವುವುದು ಓದಿನಲ್ಲಿ. ಚೆನ್ನಾಗಿ ಬರೆಯುವವರೆಲ್ಲ ಚೆನ್ನಾಗಿ ಓದುವುದಿಲ್ಲ. ಪುಸ್ತಕವನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಪುಟದೊಳಗೇ ಮಾತಾಡಿಕೊಳ್ಳುತ್ತಾರೆ. ಇನ್ನು ಕೆಲವರು ಪುಸ್ತಕ ಕೈಗೆ ಬಂದ ಮೇಲೆ ‘ಯಾವುದು ಓದಲಿ’ ಅಂತ ಪುಟ ತಿರುಗಿಸಲು ಶುರು ಮಾಡುತ್ತಾರೆ. ಸಭೆ ಅಲ್ಲೇ ಕುಸಿಯುತ್ತದೆ. ಅದಕ್ಕೇ ಒಂದು ವಾರ ಮೊದಲು ಫೋನ್ ಮಾಡಿ ಯಾವ ಭಾಗ ಅಂತ ಗೊತ್ತುಮಾಡಿಕೊಳ್ಳಿ. ಹತ್ತು ನಿಮಿಷಕ್ಕೆ ನಾಲ್ಕು ಪುಟದ ಮೇಲೆ ಬೇಡ. ಆ ಪುಟಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಕೈಗೆ ಕೊಡಿ, ಕತ್ತು ತಾನಾಗೇ ಮೇಲೆ ಬರುತ್ತದೆ. ಸಂಭಾಷಣೆ ಇರುವ ಭಾಗ, ನಗು ಬರುವ ಭಾಗ ಕೇಳಲು ಚೆಂದ. ನಾಲ್ಕು ಪಾತ್ರಗಳ ವಂಶಾವಳಿ ಗೊತ್ತಿದ್ದರೆ ಮಾತ್ರ ಅರ್ಥವಾಗುವ ಭಾಗ ಬೇಡವೇ ಬೇಡ. ಲೇಖಕರ ದನಿ ನಿಜಕ್ಕೂ ಕಷ್ಟ ಅಂದರೆ ಅವರನ್ನೇ ಕೇಳಿ ನಾಟಕದ ಹುಡುಗರ ಹತ್ತಿರ ಓದಿಸಿ. ರಂಗಭೂಮಿಯಲ್ಲಿ ಪಳಗಿದ ಗಂಟಲುಗಳಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ.

ಮಾತಾಡಿಸುವವರ ಆಯ್ಕೆ ಇನ್ನೂ ಮುಖ್ಯ. ದೊಡ್ಡ ವಿಮರ್ಶಕರೇ ಬೇಕು ಅಂತೇನಿಲ್ಲ. ಅವರು ಒಮ್ಮೊಮ್ಮೆ ಲೇಖಕರಿಗಿಂತ ಜಾಸ್ತಿ ಮಾತಾಡುತ್ತಾರೆ. ನಿಮ್ಮ ಗಿರಾಕಿಗಳಲ್ಲೇ ಒಬ್ಬರನ್ನು ಹುಡುಕಿ. ಪುಸ್ತಕ ಪೂರ್ತಿ ಓದಿದ ಹೈಸ್ಕೂಲ್ ಮೇಷ್ಟ್ರು, ಬ್ಯಾಂಕಿನಲ್ಲಿರುವ ಹುಡುಗಿ, ನಿವೃತ್ತ ನರ್ಸ್, ಯಾರಾದರೂ ಸರಿ. ಪೂರ್ತಿ ಓದಿರಬೇಕು ಅನ್ನುವುದೊಂದೇ ಷರತ್ತು. ಮುನ್ನುಡಿ ಓದಿ ಬಂದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

‘ದೊಡ್ಡ ಹೆಸರು ಕರೆಸಿದರೆ ವ್ಯಾಪಾರ ಆಗುತ್ತದೆ’ ಅನ್ನುವುದು ಅರ್ಧ ನಿಜ. ಜನ ಬರುತ್ತಾರೆ, ಪುಸ್ತಕ ಅಷ್ಟಾಗಿ ಹೋಗುವುದಿಲ್ಲ. ದೊಡ್ಡ ಹೆಸರಿನವರ ಹೊಸ ಪುಸ್ತಕ ಬೆಂಗಳೂರಿನಲ್ಲಿ ಬಿಡುಗಡೆಯ ದಿನವೇ ರಿಯಾಯಿತಿಗೆ ಸಿಕ್ಕಿರುತ್ತದೆ, ಆನ್‌ಲೈನ್‌ನಲ್ಲಿ ತರಿಸಿಕೊಂಡೂ ಆಗಿರುತ್ತದೆ. ನಿಮ್ಮಲ್ಲಿಗೆ ಬಂದವರು ಮನೆಯಿಂದ ತಂದ ಪ್ರತಿಗೆ ಸಹಿ ಹಾಕಿಸಿ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಎರಡನೇ ಪುಸ್ತಕ ಬರೆದಿರುವ, ಇನ್ನೂ ಅಷ್ಟು ಪರಿಚಯವಿಲ್ಲದ, ಚೆನ್ನಾಗಿ ಮಾತಾಡುವ ಲೇಖಕರು ಬಂದಾಗ ಪುಸ್ತಕ ಜಾಸ್ತಿ ಹೋಗುವುದನ್ನು ಕಂಡಿದ್ದೇನೆ. ಕೇಳಿದವರಿಗೆ ಆ ಪುಸ್ತಕ ಹೊಸದು, ಕುತೂಹಲ ಹುಟ್ಟಿರುತ್ತದೆ, ಅಲ್ಲೇ ಮೇಜಿನ ಮೇಲೆ ಇರುತ್ತದೆ.

ಈಗ ದುಡ್ಡಿನ ವಿಷಯ. ಪುಸ್ತಕದ ಬೆಲೆ ₹250 ಅಂತ ಇಟ್ಟುಕೊಳ್ಳಿ. ನಿಮಗೆ ಸಿಗುವ ಕಮಿಷನ್ ನೂರಕ್ಕೆ 30 ಅಂದರೆ ಒಂದು ಪ್ರತಿಗೆ ₹75. ₹6,000 ಖರ್ಚು ಹುಟ್ಟಬೇಕಾದರೆ ಆ ಸಂಜೆ 80 ಪುಸ್ತಕ ಹೋಗಬೇಕು. ನಲವತ್ತು ಕುರ್ಚಿಯ ಹಾಲ್‌ನಲ್ಲಿ ಅದು ಆಗುವ ಮಾತೇ ಅಲ್ಲ. ಮೊನ್ನೆ ಅರವತ್ತು ಜನ ಬಂದಿದ್ದರೂ ನಷ್ಟವೇ ಆಗುತ್ತಿತ್ತು. ಅಂದರೆ ತಪ್ಪಿದ್ದು ಜನದ ಲೆಕ್ಕವಲ್ಲ, ಖರ್ಚಿನ ಲೆಕ್ಕ. ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಬರುವ ಲೇಖಕರಿಗೆ ಬಸ್ ಚಾರ್ಜು, ಊಟ, ಎಲ್ಲರಿಗೂ ಕಾಫಿ ಅಂತ ₹800 ಆಯಿತು ಅನ್ನಿ. ಆಗ 11 ಪುಸ್ತಕ ಹೋದರೆ ಸಾಕು. ಇದು ಕೈಗೆಟಕುವ ಸಂಖ್ಯೆ. ಇನ್ನೊಂದು, ಮುದ್ರಿತ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಕೇಳಲು ಖುಷಿ, ಆದರೆ ಅದೇ ಕಾರಣಕ್ಕೆ ಬ್ಯಾನರಿಗೆ, ಲಾಡ್ಜಿಗೆ ನೀವು ಕಟ್ಟಿದ ಜಿಎಸ್‌ಟಿ ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ. ಅದೂ ನಿಮ್ಮ ಖರ್ಚೇ.

ಶಾಲು, ಹಾರ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಬಿಟ್ಟುಬಿಡಿ. ಬೇಸರ ಮಾಡಿಕೊಳ್ಳುತ್ತಾರೆ ಅಂತ ಹೆದರಬೇಡಿ. ಶಾಲು ಇಡಲು ಜಾಗವಿಲ್ಲದ ಲೇಖಕರೇ ಜಾಸ್ತಿ. ಆ ದುಡ್ಡಿಗೆ ಸ್ವಲ್ಪ ಸೇರಿಸಿ ಒಂದು ಲಕೋಟೆಯಲ್ಲಿ ಸಂಭಾವನೆ ಅಂತ ಕೊಡಿ. ಎಷ್ಟು ಅಂತ ಕರೆಯುವಾಗಲೇ ಹೇಳಿಬಿಡಿ. ಕೊಡಲು ಆಗುವುದಿಲ್ಲ ಅಂದರೆ ಅದನ್ನೂ ಆಗಲೇ ಹೇಳಿ. ‘ನೋಡೋಣ ಸಾರ್’ ಅಂದು ಸುಮ್ನಾಗುವುದು ಮಾತ್ರ ಬೇಡ.

ಪ್ರಕಾಶಕರ ಹತ್ತಿರ ಮೊದಲೇ ಕೇಳಿ: ಕಾರ್ಯಕ್ರಮಕ್ಕೆ ಪುಸ್ತಕ ಕಳಿಸಿ, ಮಾರಾಟವಾದದ್ದಕ್ಕೆ ದುಡ್ಡು, ಉಳಿದದ್ದು ವಾಪಸ್. ಸುಮಾರು ಪ್ರಕಾಶಕರು ಒಪ್ಪುತ್ತಾರೆ. ವಾಪಸ್ ಕಳಿಸುವ ಪಾರ್ಸೆಲ್ ಖರ್ಚು ಯಾರದು ಅನ್ನುವುದನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರೆಸಿಕೊಳ್ಳಿ, ಜಗಳ ಬರುವುದು ಅಲ್ಲೇ. ಹೊಸ ಪುಸ್ತಕದ ಜೊತೆ ಅವರ ಹಳೆಯ ಪುಸ್ತಕಗಳನ್ನೂ ತರಿಸಿ. ಮಾತು ಕೇಳಿ ಮೆಚ್ಚಿದವರು ‘ಇವರದು ಬೇರೆ ಏನಿದೆ’ ಅಂತ ಕೇಳಿಯೇ ಕೇಳುತ್ತಾರೆ. ಮೇಜು ಬಾಗಿಲ ಪಕ್ಕದಲ್ಲಿರಲಿ, ಮೂಲೆಯಲ್ಲಲ್ಲ. ಕ್ಯೂಆರ್ ಕೋಡ್ ಕಣ್ಣಿಗೆ ಕಾಣುವ ಹಾಗಿರಲಿ. ಮೇಜಿನ ಹಿಂದೆ ನೀವಲ್ಲದೆ ಬೇರೆ ಯಾರಾದರೂ ಕೂರಲಿ. ನಿಮ್ಮ ಯಜಮಾನರಿಗೆ ಆ ಕೆಲಸ ಕೊಡಿ. ಬಿಲ್ ಹರಿಯುವ ಕೈಗೆ ಕಾರ್ಯಕ್ರಮದ ಮೇಲಿನ ಕೋಪ ಸ್ವಲ್ಪ ಕಡಿಮೆಯಾಗುತ್ತದೆ. ಉಳಿದ ಪ್ರತಿಗಳಲ್ಲಿ ಹತ್ತಕ್ಕೆ ಲೇಖಕರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಸಹಿ ಇರುವ ಪ್ರತಿ ಆನ್‌ಲೈನ್‌ನಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಒಂದೇ ಎಚ್ಚರ, ಸಹಿ ಬಿದ್ದ ಪ್ರತಿಯನ್ನು ಪ್ರಕಾಶಕರು ವಾಪಸ್ ತೆಗೆದುಕೊಳ್ಳುವುದಿಲ್ಲ. ಮಾರುವ ಧೈರ್ಯ ಇದ್ದಷ್ಟಕ್ಕೇ ಹಾಕಿಸಿ. ಮುಂದಿನ ಎರಡು ವಾರದಲ್ಲಿ ಆ ಲೇಖಕರ ಪುಸ್ತಕ ಎಷ್ಟು ಹೋಯಿತು ಅನ್ನುವುದನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ಬರಲಾಗದವರು ಆಮೇಲೆ ಬಂದು ಕೇಳುವುದುಂಟು.

ದಿನ, ಹೊತ್ತು ಆರಿಸುವುದರಲ್ಲಿ ಬೆಂಗಳೂರಿನ ಪದ್ಧತಿ ನಮ್ಮಲ್ಲಿ ನಡೆಯುವುದಿಲ್ಲ. ಶನಿವಾರ ಸಂಜೆ ಆರೂವರೆ ಅಂದರೆ ಸುತ್ತಲ ಊರಿನವರಿಗೆ ವಾಪಸ್ ಬಸ್ಸಿನ ಚಿಂತೆ, ಹಾಸ್ಟೆಲ್ ಹುಡುಗಿಯರಿಗೆ ಗೇಟ್ ಹಾಕುವ ಚಿಂತೆ. ಇವರಿಬ್ಬರೂ ನಿಮ್ಮ ಒಳ್ಳೆಯ ಕೇಳುಗರು. ಭಾನುವಾರ ಬೆಳಿಗ್ಗೆ ಹತ್ತೂವರೆ ಇಟ್ಟು ನೋಡಿ. ಶಂಕರಘಟ್ಟದ ವಿಶ್ವವಿದ್ಯಾಲಯದ ಹುಡುಗರಿಗೂ ಬಂದು ಹೋಗಲು ಸಲೀಸು. ಅಡಿಕೆ ಕೊಯ್ಲು ಶುರುವಾದ ಮೇಲೆ, ನವೆಂಬರಿನಿಂದ ಒಂದೆರಡು ತಿಂಗಳು, ತೋಟದ ಮನೆಯವರನ್ನು ಕಾಯಬೇಡಿ. ಹಗಲು ಅಡಿಕೆ ಗೊನೆ ಇಳಿಸಿ, ರಾತ್ರಿ ಸುಲಿದು, ಬೇಯಿಸಿ, ಒಣಗಿಸುವವರಿಗೆ ಕವಿತೆ ಕೇಳಲು ಪುರುಸೊತ್ತೆಲ್ಲಿ? ಏಪ್ರಿಲ್, ಮೇ ಬಂದರೆ ಭಾನುವಾರವೆಲ್ಲ ಮದುವೆ ಮನೆ. ಮಳೆಗಾಲ ಬೇಡ ಅಂತ ಎಲ್ಲರೂ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಆಗುಂಬೆ, ಹೊಸನಗರದ ಕಡೆಯ ಮಳೆ ಶಿವಮೊಗ್ಗ ಪೇಟೆಗೆ ಬರುವುದಿಲ್ಲ. ಮದುವೆಗಳೂ ಕಡಿಮೆ, ಜನಕ್ಕೆ ಮನೆಯಲ್ಲಿ ಕೂತು ಬೇಜಾರು. ಆದರೆ ನಿಮ್ಮ ಹಾಲ್‌ಗೆ ಶೀಟ್ ಇದೆ. ಜುಲೈಯಲ್ಲಿ ಒಂದು ಜಡಿಮಳೆ ಹೊಡೆದರೆ ಪಕ್ಕದವರ ಮಾತೂ ಕೇಳುವುದಿಲ್ಲ, ಮೈಕ್ ಹಾಕಿದರೂ ಪ್ರಯೋಜನವಿಲ್ಲ. ಆ ತಿಂಗಳುಗಳಲ್ಲಿ ಕೆಳಗೆ ಅಂಗಡಿಯಲ್ಲೇ, ರ್‍ಯಾಕ್‌ಗಳ ಮಧ್ಯೆ ಹದಿನೈದು ಕುರ್ಚಿ ಹಾಕಿ ಮಾಡಿ. ಕರೆಂಟ್ ಹೋದರೆ ಇರಲಿ ಅಂತ ಚಾರ್ಜ್ ಲೈಟ್ ಎರಡು ಇಟ್ಟುಕೊಳ್ಳಿ. ಛತ್ರಿ ಇಡಲು ಬಾಗಿಲ ಹೊರಗೆ ಬಕೆಟ್ ಇಡಿ, ಇಲ್ಲದಿದ್ದರೆ ಕೆಳಗಿನ ಸಾಲಿನ ಪುಸ್ತಕಗಳ ಗತಿ ಮುಗಿಯಿತು.

ಕುರ್ಚಿ ವಿಷಯ ಬಂತಲ್ಲ. ನಲವತ್ತನ್ನೂ ಹಾಕಬೇಡಿ. ಹದಿನೈದು ಹಾಕಿ ಉಳಿದದ್ದನ್ನು ಗೋಡೆಗೆ ಪೇರಿಸಿಡಿ. ಜನ ಬಂದ ಹಾಗೆ ತೆಗೆದು ಕೊಡಿ. ಹದಿನೈದು ಕುರ್ಚಿಗೆ ಹದಿನೇಳು ಜನ ಬಂದರೆ ಲೇಖಕರಿಗೂ ಖುಷಿ, ನಿಮಗೂ ಖುಷಿ.

ಬ್ಯಾನರ್ ಕಟ್ಟಿ, ಪೇಪರಿನಲ್ಲಿ ‘ಇಂದಿನ ಕಾರ್ಯಕ್ರಮ’ದಲ್ಲಿ ಹಾಕಿಸಿ, ಇನ್ನೂರು ಜನರ ವಾಟ್ಸ್‌ಆ್ಯಪ್ ಗುಂಪಿಗೆ ಪೋಸ್ಟರ್ ಎಸೆದರೆ ಕರೆದ ಹಾಗಾಗುವುದಿಲ್ಲ. ಮಲೆನಾಡಿನಲ್ಲಿ ಬಾಯಿ ಬಿಟ್ಟು ಕರೆದರೆ ಮಾತ್ರ ಕರೆದಂತೆ. ಕೌಂಟರಿನಲ್ಲಿ ಬಿಲ್ ಹಾಕುವಾಗ ಹೇಳಿ: ‘ನೀವು ಹೋದ ತಿಂಗಳು ಒಯ್ದಿರಲ್ಲ, ಆ ಥರದ್ದೇ ಬರೆಯುವವರು ಭಾನುವಾರ ಬರ್ತಿದ್ದಾರೆ, ಬನ್ನಿ.’ ಯಾರು ಏನು ಒಯ್ದರು ಅಂತ ಒಂದು ನೋಟ್‌ಬುಕ್ ಇಟ್ಟರೆ ಇದು ಸುಲಭ. ಹಿಂದಿನ ದಿನ ಇಪ್ಪತ್ತೈದು ಜನಕ್ಕೆ ಫೋನ್ ಮಾಡಿ. ಹದಿನೈದು ಜನ ಬಂದೇ ಬರುತ್ತಾರೆ.

ಟಿಕೆಟ್, ತಿಂಡಿ, ಲೈವ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಾಟಕಕ್ಕೆ ಟಿಕೆಟ್ ತೆಗೆದುಕೊಂಡು ಹೋಗುವ ಅಭ್ಯಾಸ ನಮ್ಮ ಕಡೆ ಇದೆ, ಮಾತು ಕೇಳಲು ಇಲ್ಲ. ಬೇಕಾದರೆ ₹100 ಕೂಪನ್ ಮಾಡಿ, ಆ ದಿನ ಪುಸ್ತಕ ಕೊಂಡರೆ ಬಿಲ್‌ನಲ್ಲಿ ಕಳೆಯಿರಿ. ಅದನ್ನೂ ನಾಲ್ಕಾರು ಕಾರ್ಯಕ್ರಮ ಚೆನ್ನಾಗಿ ಆದ ಮೇಲೆ. ತಿಂಡಿಗೆ ಬರುವವರು ತಿಂಡಿಗೇ ಬರುತ್ತಾರೆ. ಕಾಫಿ ಸಾಕು, ಅದೂ ಕೊನೆಯಲ್ಲಿ. ಲೋಟ ಹಿಡಿದು ನಿಂತಾಗಲೇ ಲೇಖಕರ ಜೊತೆ ಒಳ್ಳೆಯ ಮಾತು ಆಗುವುದು, ಪುಸ್ತಕಕ್ಕೆ ಕೈ ಹೋಗುವುದೂ ಆಗಲೇ. ಲೈವ್ ಬೇಡ. ಮನೆಯಲ್ಲೇ ನೋಡಬಹುದು ಅಂತಾದರೆ ಹತ್ತಿರದವರೂ ಬರುವುದಿಲ್ಲ. ಓದಿದ ಭಾಗವನ್ನು ಮಾತ್ರ ರೆಕಾರ್ಡ್ ಮಾಡಿ, ವಾರ ಬಿಟ್ಟು ಐದು ನಿಮಿಷದ ತುಣುಕು ಹಾಕಿ.

ಹಾಗೆ ಹಾಕುವ ಮೊದಲು ಲೇಖಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಪುಸ್ತಕದ ಹಕ್ಕು ಬೇರೆ, ಮಾತಿನ ಹಕ್ಕು ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಉಪನ್ಯಾಸ ಕೊಡುವವರನ್ನೂ ಹಾಡುವವರು, ನಟರ ಸಾಲಿಗೇ ಸೇರಿಸಿದೆ. ಅವರನ್ನು ಕೇಳದೆ ರೆಕಾರ್ಡ್ ಮಾಡಿ ಹಾಕುವಂತಿಲ್ಲ. ಪ್ರಕಟವಾದ ಕೃತಿಯ ಒಂದಿಷ್ಟು ಭಾಗವನ್ನು ಸಭೆಯಲ್ಲಿ ಓದುವುದಕ್ಕೆ ಅದೇ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುತ್ತದೆ, ಚಿಂತೆ ಬೇಡ. ಇಡೀ ಕಥೆಯನ್ನೇ ಓದಿ ಯೂಟ್ಯೂಬಿಗೆ ಹಾಕುವುದು ಬೇರೆ ವಿಷಯ. ‘ತೀರಿಹೋದವರದ್ದಲ್ವಾ, ಯಾರು ಕೇಳ್ತಾರೆ’ ಅನ್ನುವವರಿದ್ದಾರೆ. ಲೇಖಕರು ತೀರಿಕೊಂಡ ವರ್ಷದ ನಂತರ ಇನ್ನೂ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅಂದರೆ 2054ರ ಕೊನೆಯವರೆಗೆ. ಇನ್ನು ಇಪ್ಪತ್ತು ಜನರ ಸಭೆಗೆ ಮೈಕೇ ಬೇಡ. ಹೊರಗೆ ಸ್ಪೀಕರ್ ಕಟ್ಟುವುದಾದರೆ ಪೊಲೀಸರ ಲಿಖಿತ ಅನುಮತಿ ಬೇಕು, ರಾತ್ರಿ 10ರ ಮೇಲೆ ಅದೂ ನಡೆಯುವುದಿಲ್ಲ.

ಜಗಳದ ಬಗ್ಗೆ. ಅದು ಮತ್ತೆ ಆಗುವುದೇ ಇಲ್ಲ ಅಂತ ನಾನು ಹೇಳಲಾರೆ. ಶಿವಮೊಗ್ಗದ ಗಾಳಿ ಯಾವಾಗ ಬಿಸಿಯಾಗುತ್ತದೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಆದರೆ ಅರ್ಧದಷ್ಟು ಜಗಳ ಹುಟ್ಟುವುದು ವಿಷಯದಿಂದಲ್ಲ, ಪ್ರಶ್ನೆ ಹೆಸರಿನಲ್ಲಿ ಏಳು ನಿಮಿಷದ ಭಾಷಣ ಮಾಡಲು ಬಿಡುವುದರಿಂದ. ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಕೊಡಲು ಹೇಳಿ. ಓದು ನಡೆಯುವಾಗಲೇ ಚೀಟಿ, ಪೆನ್ನು ಹಂಚಿ. ಮಾತಾಡಿಸುವವರು ಅದರಿಂದ ಆರಿಸಿ ಕೇಳಲಿ. ಸಂಕೋಚದ ಹುಡುಗ ಹುಡುಗಿಯರ ಪ್ರಶ್ನೆಯೂ ಹೀಗೆ ಹೊರಗೆ ಬರುತ್ತದೆ, ಸಾಮಾನ್ಯವಾಗಿ ಅವೇ ಒಳ್ಳೆಯ ಪ್ರಶ್ನೆಗಳು. ಪ್ರಶ್ನೋತ್ತರ ರೆಕಾರ್ಡ್ ಮಾಡಬೇಡಿ, ಬೇರೆಯವರಿಗೂ ಬೇಡ ಅಂತ ಶುರುವಿನಲ್ಲೇ ಹೇಳಿ. ಅರ್ಧ ನಿಮಿಷದ ತುಣುಕು ಊರೆಲ್ಲ ಸುತ್ತುವುದೇ ಈಗಿನ ದೊಡ್ಡ ಅಪಾಯ. ವಿವಾದದ ಪುಸ್ತಕವೇ ಆದರೆ ಕಟ್ಟಡದ ಮಾಲೀಕರಿಗೆ ಮೊದಲೇ ತಿಳಿಸಿ, ಹೆಸರು ಕೊಟ್ಟವರಿಗಷ್ಟೇ ಪ್ರವೇಶ ಅಂತ ಮಾಡಿ. ಗಾಜು ಒಡೆದರೆ ನಷ್ಟ ನಿಮ್ಮದು, ಧೈರ್ಯದ ಹೆಸರು ಬೇರೆಯವರದು. ಇಂಥ ಕಾರ್ಯಕ್ರಮ ಮಾಡುವುದೂ ಬಿಡುವುದೂ ನಿಮ್ಮ ನಿರ್ಧಾರ. ಬಿಟ್ಟರೆ ಹೇಡಿತನ ಅಂತ ನಾನಂತೂ ಅನ್ನುವುದಿಲ್ಲ.

ಹಾಗಾದರೆ ನಿಲ್ಲಿಸಬೇಕಾ? ಈಗ ಮಾಡುತ್ತಿರುವ ರೀತಿಯಲ್ಲಾದರೆ ಹೌದು, ಇವತ್ತೇ ನಿಲ್ಲಿಸಿ. ಆರು ತಿಂಗಳು ಬೆಂಗಳೂರಿನಿಂದ ಯಾರನ್ನೂ ಕರೆಯಬೇಡಿ. ತಿಂಗಳಿಗೊಂದು ಭಾನುವಾರ ಆ ಏಳು ಜನರನ್ನು ಕೂರಿಸಿ, ಲೇಖಕರಿಲ್ಲದೆ, ಒಂದು ಪುಸ್ತಕದ ಬಗ್ಗೆ ಮಾತಾಡಿ. ಖರ್ಚು ಕಾಫಿಯದಷ್ಟೇ. ಏಳು ಹನ್ನೆರಡಾಗಬಹುದು, ಆಗದೆಯೂ ಇರಬಹುದು. ಗುಂಪು ಗಟ್ಟಿಯಾದ ಮೇಲೆ ಆ ಪುಸ್ತಕದ ಲೇಖಕರನ್ನೇ ಕರೆಯಿರಿ. ಮೊದಲೇ ಓದಿದ ಹನ್ನೆರಡು ಜನರ ಮುಂದೆ ಮಾತಾಡುವುದು ಲೇಖಕರಿಗೆ ಅಪರೂಪದ ಸುಖ. ಇದರಲ್ಲಿರುವ ಅಪಾಯ ಒಂದೇ, ಗುಂಪು ಹಳೆಯ ಗೆಳೆಯರ ಕಟ್ಟೆಯಾಗಿಬಿಟ್ಟು ಹೊಸಬರು ಹೊರಗೇ ಉಳಿಯುವುದು. ಪ್ರತಿ ಸಲ ಇಬ್ಬರು ಹೊಸಬರನ್ನು ನೀವೇ ಕರೆದು ಕೂರಿಸಿ.

ದೂರದವರು ಬೇಕೇ ಬೇಕು ಅನಿಸಿದರೆ ಅವರು ಈ ಕಡೆ ಬರುವ ದಿನ ಹಿಡಿಯಿರಿ. ಸಾಗರದ ಹತ್ತಿರ ಹೆಗ್ಗೋಡಿನಲ್ಲಿ ನೀನಾಸಂ ನಾಟಕ ಸಂಸ್ಥೆಯ ಸಂಸ್ಕೃತಿ ಶಿಬಿರ ಸಾಮಾನ್ಯವಾಗಿ ದಸರೆಯ ಆಸುಪಾಸಿನಲ್ಲಿ ನಡೆಯುತ್ತದೆ. ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ಅವರ ಊರು ಕುಪ್ಪಳಿಗೆ ಬರುವವರಿರುತ್ತಾರೆ. ತಾಳಗುಪ್ಪದ ರೈಲು ಸಾಗರ ದಾಟಿ ಶಿವಮೊಗ್ಗದ ಮೇಲೇ ಬೆಂಗಳೂರಿಗೆ ಹೋಗುವುದು. ಹೋಗುವಾಗ ಅರ್ಧ ದಿನ ಇಳಿಯಿರಿ ಅಂತ ಒಂದು ತಿಂಗಳು ಮೊದಲೇ ಕೇಳಿದರೆ ಸುಮಾರು ಜನ ಒಪ್ಪುತ್ತಾರೆ. ಖರ್ಚು ಒಂದು ಊಟ, ಒಂದು ಆಟೋ. ಸಂಘಗಳ ಜೊತೆ ಸೇರಿ ಮಾಡುವ ದಾರಿಯೂ ಇದೆ, ಪ್ರಯಾಣದ ಖರ್ಚು ಹಂಚಿಹೋಗುತ್ತದೆ. ಆದರೆ ಅವರ ಜೊತೆ ಅವರ ಪ್ರಾರ್ಥನೆ, ಪ್ರಾಸ್ತಾವಿಕವೂ ಬರುತ್ತದೆ, ನಿಮ್ಮ ಪುಸ್ತಕದ ಮೇಜು ಚಪ್ಪಲಿ ಬಿಡುವ ಜಾಗಕ್ಕೆ ಹೋಗುತ್ತದೆ. ಹಿಂದಿನ ದಿನ ಸಂಜೆ ಅವರಲ್ಲಿ ಸಮಾರಂಭ, ಮರುದಿನ ಬೆಳಿಗ್ಗೆ ನಿಮ್ಮಲ್ಲಿ ಓದು ಅಂತ ಹಂಚಿಕೊಂಡರೆ ಇಬ್ಬರಿಗೂ ಒಳ್ಳೆಯದು.

ಇನ್ನು ಆ ಹಿರಿಯರ ಕವನ ಸಂಕಲನ. 50 ಪ್ರತಿ ಕೊಳ್ಳಬೇಡಿ. ಅವರ ಪುಸ್ತಕ ಕೊಳ್ಳುವವರೆಲ್ಲ ಬಿಡುಗಡೆಯ ದಿನವೇ ಬಂದು, ಅವರ ಕೈಯಿಂದಲೇ ಪಡೆಯುತ್ತಾರೆ. ಮರುದಿನದಿಂದ ಆ 50 ನಿಮ್ಮ ರ್‍ಯಾಕ್‌ನಲ್ಲಿ ಕೂರುತ್ತವೆ. ಎರಡು ಮಳೆಗಾಲ ಕಳೆದರೆ ಬೂಷ್ಟು. ಹಾಗಂತ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಬೇಡಿ, ಒಂದೇ ಬಡಾವಣೆಯಲ್ಲಿ ಬದುಕಬೇಕಲ್ಲ. ‘ಹಾಲ್ ಕೊಡ್ತೀನಿ ಸಾರ್, ಬಾಡಿಗೆ ಬೇಡ. ಕಾಫಿ, ಆಹ್ವಾನ ಪತ್ರಿಕೆ ನಿಮ್ಮದು. 10 ಪ್ರತಿ ಮಾರಾಟಕ್ಕೆ ಇಟ್ಟುಕೊಳ್ತೀನಿ, ಹೋದಷ್ಟಕ್ಕೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೊಡ್ತೀನಿ’ ಅನ್ನಿ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಆ ದಿನ ಎಷ್ಟು ಅತಿಥಿಗಳನ್ನು ಬೇಕಾದರೂ ಅವರು ಕೂರಿಸಿಕೊಳ್ಳಲಿ, ಅದು ಅವರ ಹಬ್ಬ. ನಿಮ್ಮ ಪಟ್ಟಿಗೆ ಅದನ್ನು ಸೇರಿಸಬೇಡಿ. ಒಪ್ಪದಿದ್ದರೆ ಒಪ್ಪದಿರಲಿ, ಅವರಿಗೆ ಬೇರೆ ಹಾಲ್ ಸಿಗುತ್ತದೆ.